ಏಳು ಬಿಟ್ಟು ಎಣಿಸುವವಳು

೩ ಜೂನ್

ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಕಿವಿಯ ಮಿಷನ್ ಹಾಕಿಕೊಳ್ಳುತ್ತಿದ್ದೀಯೋ ಅಥವಾ ಡಬ್ಬಿಯಲ್ಲೇ ನಿದ್ದೆ ಮಾಡುತ್ತಿದೆಯೋ? ನಿದ್ದೆಯನ್ನೇ ಮಾಡುತ್ತಿರುತ್ತದೆ, ನಿನ್ನ ಹಟ ನನಗೆ ಗೊತ್ತಿಲ್ಲವೇ.

ವರ್ಷಕ್ಕೆ ಎರಡು ಕಾಗದ ಬರೆಯುವವಳು ಮೂರನೆಯದನ್ನು ಬರೆಯುತ್ತಿದ್ದಾಳೆ ಎಂದರೆ ಏನೋ ಇರಬೇಕು ಎಂದು ನೀನು ಅಂದುಕೊಳ್ಳುತ್ತೀ. ಇದೆ. ನಾನು ಕೆಲಸ ಮಾಡಿದ ಸಿನಿಮಾ ಈ ಶುಕ್ರವಾರ ಬಿಡುಗಡೆಯಾಗುತ್ತದೆ. ‘ಬರಲಾ?’ ಎಂದು ಹೆಸರು. ನಿಮ್ಮ ಬಸ್ ಸ್ಟ್ಯಾಂಡ್ ಪಕ್ಕದ ಟಾಕೀಸಿಗೂ ಬರುತ್ತದಂತೆ.

‘ಸಿನಿಮಾದಲ್ಲಿ ನೀನು ಮಾಡೋದಾದ್ರೂ ಏನೇ?’ ಎಂದು ಪ್ರತಿ ಸಲ ಕೇಳುತ್ತೀ. ಸದ್ದು ಮಾಡುತ್ತೇನೆ. ಹೊಟ್ಟೆಗೆ ಚೂರಿ ಹಾಕಿದರೆ ಕಲ್ಲಂಗಡಿಗೆ ಹಾಕುತ್ತೇನೆ. ಮೂಳೆ ಮುರಿದರೆ ಮೂಲಂಗಿ ಮುರಿಯುತ್ತೇನೆ. ನಮ್ಮ ಸ್ಟುಡಿಯೋದಲ್ಲಿ ಹೆಣ ಹೆಚ್ಚಾದಷ್ಟೂ ತರಕಾರಿ ಬೇಕಾಗುತ್ತದೆ. ಈ ಸಲ ಕಥೆಯಲ್ಲೂ ಸ್ವಲ್ಪ ಕೈಯಾಡಿಸಿದ್ದೇನೆ.

ದೆವ್ವದ ಸಿನಿಮಾ. ಹಾಸ್ಟೆಲ್ಲಿನಲ್ಲಿ ಓದುವ ಎಂಟು ಹುಡುಗ ಹುಡುಗಿಯರು. ಚಿಕ್ಕವರಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತಾ, ಹುಡುಕುವ ಮಗುವನ್ನು ಬಿಟ್ಟು ಮನೆಗೆ ಹೋಗಿಬಿಟ್ಟಿರುತ್ತಾರೆ. ಆ ಮಗು ಸತ್ತಿರುತ್ತದೆ. ಈಗ ಬಂದು ಹತ್ತರವರೆಗೆ ಎಣಿಸಿ, ‘ಬರಲಾ?’ ಎಂದು ಕೇಳಿ, ಒಬ್ಬೊಬ್ಬರನ್ನೇ ಹುಡುಕಿ ಕೊಲ್ಲುತ್ತದೆ. ರಕ್ತ ವಿಪರೀತ ಇದೆ.

ನೀನು ನೋಡುವಂಥದ್ದಲ್ಲ. ಹೋಗಬೇಡ. ಅಷ್ಟು ಹೇಳುವುದಕ್ಕೇ ಈ ಕಾಗದ.

ನಿನ್ನ
ದೊಡ್ಡವಳು


೨೪ ಜೂನ್

ದೊಡ್ಡವಳಿಗೆ,

ಬೇಡ ಎಂದದ್ದನ್ನು ಮಾಡುವ ಬುದ್ಧಿ ನಿನಗೆ ಬಂದದ್ದೇ ನನ್ನಿಂದ. ಹೋಗಿದ್ದೆ.

ಮೇಲಿನ ಮನೆಯ ನರ್ಸ್ ಹುಡುಗಿ ಕರೆದುಕೊಂಡು ಹೋದಳು. ‘ಮಗಳ ಹೆಸರು ಅಷ್ಟು ದೊಡ್ಡ ಪರದೆ ಮೇಲೆ ಬರುತ್ತೆ, ನೋಡಲ್ವಾ?’ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದಳು. ಅವಳು ನನ್ನ ಜೊತೆ ಮಾತಾಡುವುದು ಸ್ಲೇಟಿನಲ್ಲೇ. ಹಿಂದಿನ ಸೀಟೆಲ್ಲ ತುಂಬಿತ್ತು. ಕಿವುಡಿಗೆ ಎಲ್ಲಾದರೇನು ಎಂದು ಮೊದಲ ಸಾಲಿನಲ್ಲಿ, ಗೋಡೆಯಷ್ಟು ಎತ್ತರದ ಸ್ಪೀಕರಿನ ಪಕ್ಕ ಕೂತೆ.

ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳ ಕಿವಿ ಹೇಗಿರುತ್ತದೆ ನಿನಗೆ ಗೊತ್ತು. ಮಕ್ಕಳು ಓಡಿದವು, ಬಾಯಿ ತೆರೆದು ಕಿರುಚಿದವು. ನನಗೆ ಎದೆಯಲ್ಲಿ ಗುಡುಗುಡು ಅನ್ನಿಸಿದ್ದು ಬಿಟ್ಟರೆ ಏನೂ ಇಲ್ಲ. ತೂಕಡಿಕೆ ಬರುತ್ತಿತ್ತು. ಆಮೇಲೆ ಪರದೆ ಕಪ್ಪಾಯಿತು. ಗುಡುಗೂ ನಿಂತಿತು. ಆಗ ಕೇಳಿಸಿತು.

ಒಂದು, ಎರಡು, ಮೂರು, ನಾಲ್ಕು, ಐದು, ಆರು, ಎಂಟು.

ನಾನು ಎದ್ದು ನಿಂತುಬಿಟ್ಟೆ. ನನ್ನ ಆಯಸ್ಸು ಮುಗಿಯಿತು, ಮಗು ಕರೆಯಲು ಬಂದಿದೆ ಎಂದೇ ಅಂದುಕೊಂಡೆ. ನಮ್ಮ ಗಿಲಕಿಯನ್ನು ಬಿಟ್ಟರೆ ಈ ಭೂಮಿಯ ಮೇಲೆ ಏಳು ನುಂಗಿ ಎಣಿಸುವ ಮಗು ಇನ್ನೊಂದಿಲ್ಲ. ಒಂಬತ್ತು, ಹತ್ತು, ಬರಲಾ? ಎಂದಳು. ಬರುತ್ತೇನೆ ತಾಳು ಎನ್ನುವಂತೆ ನಾನು ಕೈ ಎತ್ತಿದೆ.

ಪರದೆ ಮತ್ತೆ ಬೆಳಗಿತು. ಹಿಂದೆ ತಿರುಗಿ ನೋಡಿದರೆ ಇಡೀ ಟಾಕೀಸು ಬಾಯಿ ತೆರೆದುಕೊಂಡಿತ್ತು. ಮಗ್ಗದ ಸದ್ದಿನಲ್ಲಿ ದುಡಿದವರಿಗೆ ತುಟಿ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮುನ್ನೂರು ಬಾಯಿ ಒಂದೇ ಮಾತು ಹೇಳುತ್ತಿದ್ದವು. ‘ಬಾ! ಬಾ!’ ಒಬ್ಬ ಶಿಳ್ಳೆ ಹಾಕುತ್ತಿದ್ದ. ಒಬ್ಬಳು ನಕ್ಕು ನಕ್ಕು ಪಕ್ಕದವನ ಮೇಲೆ ಬಿದ್ದಿದ್ದಳು. ಪರದೆಯಲ್ಲಿ ಯಾವುದೋ ಹುಡುಗನ ಕತ್ತು ಹೋಯಿತು, ಎಲ್ಲರೂ ಚಪ್ಪಾಳೆ ಹೊಡೆದರು.

ನನ್ನ ಮಗುವನ್ನು ದೆವ್ವ ಮಾಡಿಬಿಟ್ಟೆಯಲ್ಲೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಮಿಲ್ಲಿನ ನೂಲಿಗೆ ಬಣ್ಣ ಹಾಕುವ ತೊಟ್ಟಿಯಿಂದ ಅವಳನ್ನು ಮೇಲೆತ್ತಿದ ವಾರದಲ್ಲೇ ಅವಳ ಫ್ರಾಕು, ಚಪ್ಪಲಿ, ಪಾಟಿಚೀಲ ಎಲ್ಲ ಕೊಟ್ಟುಬಿಟ್ಟೆ, ಕಣ್ಣಿಗೆ ಬಿದ್ದರೆ ತಡೆಯುವುದಿಲ್ಲ ಎಂದು. ಅವಳ ದನಿಯೂ ಅವಳ ಜೊತೆಗೇ ಮಣ್ಣಿಗೆ ಹೋಯಿತು ಎಂದುಕೊಂಡಿದ್ದೆ. ಅದು ನಿನ್ನ ಟ್ರಂಕಿನಲ್ಲಿತ್ತು. ನನ್ನ ಕಿವಿ ನೆಟ್ಟಗಿದ್ದ ಕಾಲದಲ್ಲಿ ಒಂದು ದಿನ ಕೇಳಿಸಲಿಲ್ಲ. ಈಗ ಊರಿಗೆಲ್ಲ ಟಿಕೆಟ್ ಹರಿದು ಕೇಳಿಸುತ್ತಿದ್ದೀ.

ಉತ್ತರ ಬರೆಯಬೇಡ.

ಅಮ್ಮ


೬ ಜುಲೈ

ಅಮ್ಮನಿಗೆ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ಆ ಬುದ್ಧಿ ಎಲ್ಲಿಂದ ಬಂತೆಂದು ನೀನೇ ಹೇಳಿದ್ದೀ.

ಅವಳ ದನಿ ಇರುವ ಕ್ಯಾಸೆಟ್ ನಮ್ಮ ಬೀದಿಯ ರೇಡಿಯೋ ರಿಪೇರಿ ಮಾಮನದು. ಒಂದು ಭಾನುವಾರ ಟೇಪ್ ರೆಕಾರ್ಡರನ್ನೂ ಅದನ್ನೂ ನಮಗೆ ಆಡಲು ಕೊಟ್ಟಿದ್ದರು. ನಲವತ್ತು ಸೆಕೆಂಡು ಅಷ್ಟೇ ಇದೆ. ಅವಳು ಎಣಿಸುತ್ತಾಳೆ. ನಾನು ‘ಏಳೆಲ್ಲೇ?’ ಎನ್ನುತ್ತೇನೆ. ಅವಳು ‘ನುಂಗ್ಬಿಟ್ಟೆ!’ ಎಂದು ನಗುತ್ತಾಳೆ. ಆಮೇಲೆ ಟೇಪು ಸಿಕ್ಕಿಹಾಕಿಕೊಂಡ ಸದ್ದು. ಮನೆ ಬಿಟ್ಟು ಬರುವಾಗ ಅದನ್ನು ತಂದೆ. ನಿನಗೆ ಹೇಳಲಿಲ್ಲ, ಏಕೆಂದರೆ ಫ್ರಾಕು ಕೊಟ್ಟವಳು ಇದನ್ನೂ ಕೊಟ್ಟುಬಿಡುತ್ತೀ ಎಂಬ ಹೆದರಿಕೆ. ತಪ್ಪು ನನ್ನದು. ನಿನಗೆ ಕೇಳಿಸುತ್ತಿದ್ದಾಗಲೇ ಕೊಡಬೇಕಾಗಿತ್ತು.

ಡೈರೆಕ್ಟರ್ ಬರೆದ ದೆವ್ವಕ್ಕೆ ಕೊಲ್ಲಲು ಕಾರಣವೇ ಇರಲಿಲ್ಲ, ಸುಮ್ಮನೆ ಕೊಲ್ಲುತ್ತಿತ್ತು. ಕಾರಣ ನಾನು ಕೊಟ್ಟೆ. ಎಲ್ಲರೂ ನನ್ನ ಕಲ್ಪನೆ ಎಂದುಕೊಂಡರು. ದನಿಗಾಗಿ ಒಂಬತ್ತು ಮಕ್ಕಳನ್ನು ಕರೆಸಿದೆವು. ಒಂಬತ್ತೂ ಮಗ್ಗಿ ಒಪ್ಪಿಸಿದ ಹಾಗೆ ಎಣಿಸಿದವು. ಕೊನೆಗೆ ಒಂದು ಸಂಜೆ ಕ್ಯಾಸೆಟ್ ತಂದು ಹಾಕಿದೆ. ಮತ್ತೆ ಹಾಕಿ ಎಂದರು, ಮತ್ತೆ ಹಾಕಿದೆ. ‘ಯಾರ ಮಗು ಮೇಡಂ ಇದು?’ ಎಂದು ಡೈರೆಕ್ಟರ್ ಕೇಳಿದರು. ‘ನಮ್ಮ ಪಕ್ಕದ್ಮನೇದು’ ಎಂದೆ. ನಾಲಗೆ ಸುಟ್ಟ ಹಾಗಾಯಿತು.

ಮೊದಲ ಮೂರು ದಿನ ಟಾಕೀಸುಗಳು ಖಾಲಿ ಹೊಡೆದವು. ನಾಲ್ಕನೆಯ ದಿನ ಯಾರೋ ಆ ಎಣಿಕೆಯನ್ನು ಫೋನಿಗೆ ಹಾಕಿಕೊಂಡು ಊರೂರಿಗೆ ಹಂಚಿದರು. ಈಗ ಶಾಲೆ ಮಕ್ಕಳೂ ಏಳು ಬಿಟ್ಟೇ ಎಣಿಸುತ್ತಾರೆ. ದೊಡ್ಡವರು ಅರ್ಥ ಹುಡುಕುತ್ತಿದ್ದಾರೆ. ಒಂದು ಪತ್ರಿಕೆ ಏಳು ಜನ್ಮ ಎಂದಿತು, ಇನ್ನೊಂದು ಏಳು ಪಾಪ. ಟಿವಿಯಲ್ಲಿ ಒಬ್ಬ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕವನ್ನೇ ಮಾಡಿ ತೋರಿಸಿದರು, ಏಳನೆಯ ಸಾವು ಯಾರದೆಂದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗು ಅವಸರದಲ್ಲಿತ್ತು, ಅಕ್ಕ ಅಡಗಿಕೊಳ್ಳುವ ಮೊದಲೇ ಹಿಡಿಯಬೇಕೆಂದು ಮೋಸ ಮಾಡುತ್ತಿತ್ತು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಇನ್ನೊಂದು ಮಾತು. ಎಣಿಸುವ ಜಾಗದಲ್ಲಿ ಬೇರೆ ಸದ್ದನ್ನೆಲ್ಲ ತೆಗೆದು ಅವಳ ದನಿಯನ್ನು ಮಾತ್ರ ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಇಟ್ಟವಳು ನಾನೇ. ‘ಜನರ ಕಿವಿ ಹರಿಯುತ್ತೆ ಮೇಡಂ’ ಎಂದು ಇಂಜಿನಿಯರ್ ಜಗಳಕ್ಕೆ ಬಂದರು. ‘ಹರೀಲಿ, ಒಬ್ಬರಿಗೆ ಕೇಳಿಸ್ಬೇಕು’ ಎಂದೆ. ನೋಡಬೇಡ ಎಂದು ನಿನಗೆ ಬರೆದದ್ದು ನೀನು ನೋಡಲೆಂದೇ. ನೇರವಾಗಿ ನೋಡು ಎನ್ನುವ ಧೈರ್ಯ ಇರಲಿಲ್ಲ. ಆಟ ಬಿಟ್ಟು ಮನೆಗೆ ಬಂದ ಅಕ್ಕ ನಾನೇ ಅಲ್ಲವೇ, ಯಾವ ಬಾಯಲ್ಲಿ ಕರೆಯಲಿ?

ನಿನ್ನ
ದೊಡ್ಡವಳು


೧೯ ಆಗಸ್ಟ್

ದೊಡ್ಡವಳಿಗೆ,

ಮೊದಲು ತಪ್ಪೊಪ್ಪಿಗೆ. ಕಳೆದ ತಿಂಗಳ ಎಂಟರಿಂದ ದಿನವೂ ಮಧ್ಯಾಹ್ನದ ಆಟಕ್ಕೆ ಹೋಗುತ್ತಿದ್ದೇನೆ. ಭಾನುವಾರವೂ ಬಿಡುವುದಿಲ್ಲ, ಮೊಣಕಾಲು ನೋವೆಂದೂ ಬಿಟ್ಟಿಲ್ಲ. ಗೇಟಿನಲ್ಲಿ ಟಿಕೆಟ್ ಹರಿಯುವವನು ಮೊದಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದ. ‘ಈ ವಯಸ್ಸಲ್ಲಿ ಇದೇನು ಹುಚ್ಚು ಅಜ್ಜಿ?’ ಎಂದ. ತುಟಿ ಓದಿದೆ. ‘ಸೊಸೆ ಕಾಟ ತಡೀಲಾರದೆ ಬರ್ತೀನಪ್ಪಾ’ ಎಂದೆ. ಇಲ್ಲದ ಸೊಸೆಯ ಮೇಲೆ ಹಾಕಿದರೆ ಯಾರಿಗೇನು ನಷ್ಟ? ಈಗ ಅವನೇ ಸ್ಪೀಕರಿನ ಪಕ್ಕದ ಸೀಟು ಒರೆಸಿ ಇಡುತ್ತಾನೆ.

ರಕ್ತ ಬಂದಾಗ ಕಣ್ಣು ಮುಚ್ಚುತ್ತೇನೆ. ಅವಳು ಎಣಿಸುವುದು ಐದು ಸಲ. ಮೂರನೆಯ ಸಲ ‘ಬರಲಾ?’ ಎಂದ ಮೇಲೆ ಒಂದಿಷ್ಟು ನಗುತ್ತಾಳಲ್ಲ, ಅದಕ್ಕಾಗಿ ಕಾಯುತ್ತೇನೆ. ನೀನು ಅಲ್ಲಿ ‘ಏಳೆಲ್ಲೇ’ ಎಂದದ್ದನ್ನು ಕತ್ತರಿಸಿದ್ದೀ. ಅದನ್ನು ಇಟ್ಟಿದ್ದರೆ ಇಬ್ಬರ ದನಿಯೂ ಸಿಗುತ್ತಿತ್ತು.

ನೋಡಲು ಬರುವ ಮಕ್ಕಳ ಪರಿಚಯವೂ ಆಗಿದೆ. ಒಬ್ಬ ಗೆಳೆಯರ ಮುಂದೆ ಎದೆ ಉಬ್ಬಿಸಿಕೊಂಡು ಬರುತ್ತಾನೆ, ದೀಪ ಆರಿದರೆ ಕಾಲೇಜಿನ ಚೀಲದೊಳಗೆ ಮುಖ ತೂರಿಸುತ್ತಾನೆ. ಒಬ್ಬಳು ಹೆದರಿ ನನ್ನ ಕೈಯನ್ನೇ ಹಿಡಿದುಕೊಂಡಳು. ‘ನಿಮಗೆ ಭಯ ಆಗಲ್ವಾ ಅಜ್ಜಿ?’ ಎಂದಳು. ‘ಇಲ್ಲ ಕಣೇ, ಪಾಪ, ಅದು ಆಟ ಆಡ್ತಿದೆ’ ಎಂದೆ. ತಮಾಷೆ ಎಂದುಕೊಂಡು ನಕ್ಕಳು.

ಅವರು ‘ಬಾ! ಬಾ!’ ಎಂದು ಕೂಗುವುದಕ್ಕೆ ಈಗ ಸಿಟ್ಟು ಬರುವುದಿಲ್ಲ. ಅವಳು ಕಾಣೆಯಾದ ಸಂಜೆ ನಮ್ಮ ಮಿಲ್ ಲೈನಿನ ಮನೆಯವರೆಲ್ಲ ಸೇರಿ ಗಿಲಕೀ ಗಿಲಕೀ ಎಂದು ಕೂಗಿ ಕರೆದರು, ಬರಲಿಲ್ಲ. ಇಲ್ಲಿ ಕರೆದರೆ ಬರುತ್ತಾಳೆ. ಅದಕ್ಕೇ ನಾನೂ ಅವರ ಜೊತೆ ಕೂಗುತ್ತೇನೆ. ನನ್ನ ದನಿ ಎಷ್ಟು ಜೋರಿರುತ್ತದೋ ನನಗೆ ತಿಳಿಯುವುದಿಲ್ಲ, ಮೊನ್ನೆ ಸಾಲಿಗೆ ಸಾಲೇ ತಿರುಗಿ ನೋಡಿತು.

ಒಂದು ಮಾತು ಮಾತ್ರ ಗಂಟಲಿನ ಮುಳ್ಳಾಗಿದೆ. ಹೊರಗೆ ಟೀ ಕುಡಿಯುತ್ತಾ ಇಬ್ಬರು ಹುಡುಗರು ವಾದ ಮಾಡುತ್ತಿದ್ದರು, ಎದುರಿಗೆ ಕೂತು ತುಟಿ ಓದಿದೆ. ‘ಆಟ ಬಿಟ್ಟು ಹೋಗಿದ್ದಕ್ಕೆಲ್ಲ ಯಾರಾದ್ರೂ ಕೊಲ್ತಾರೇನೋ? ಕಾರಣ ತೀರಾ ಚಿಕ್ಕದು’ ಎಂದು ಒಬ್ಬ. ‘ಚಿಕ್ಕದಾ? ಮಗೂನ ಒಂಟಿಯಾಗಿ ಬಿಟ್ಟು ಹೋದವಳು ಸಾಯ್ಲೇಬೇಕು ಬಿಡು’ ಎಂದು ಇನ್ನೊಬ್ಬ. ನಾನು ಟೀ ಅಲ್ಲೇ ಬಿಟ್ಟು ಎದ್ದು ಬಂದೆ.

ಈ ಶುಕ್ರವಾರ ತೆಗೆಯುತ್ತಾರಂತೆ. ಗೇಟಿನವನು ಕೈಯಾಡಿಸಿ ತೋರಿಸಿದ, ಮುಗೀತು ಎಂದು. ಕ್ಯಾಸೆಟ್ ಕಳಿಸುತ್ತೇನೆ ಎನ್ನಬೇಡ. ಈ ಮನೆಯಲ್ಲಿರುವ ಯಾವ ಪೆಟ್ಟಿಗೆಗೂ ನನ್ನ ಕಿವಿ ಮುಟ್ಟುವಷ್ಟು ಗಂಟಲಿಲ್ಲ.

ಅಮ್ಮ


೩೧ ಆಗಸ್ಟ್

ಅಮ್ಮನಿಗೆ,

ಶುಕ್ರವಾರ ಕಳೆದು ಒಂದು ವಾರವಾಯಿತು. ಈ ವಾರವೆಲ್ಲ ಮಧ್ಯಾಹ್ನ ಗಡಿಯಾರ ನೋಡಿದಾಗ, ಈಗ ನೀನು ಏನು ಮಾಡುತ್ತಿರಬಹುದು ಎಂದೇ ಯೋಚನೆ.

ಟೀ ಅಂಗಡಿಯ ಮೊದಲ ಹುಡುಗ ಹೇಳಿದ್ದನ್ನು ಇಲ್ಲಿ ಎಲ್ಲರೂ ಹೇಳಿದರು. ಸೇಡಿಗೆ ಕಾರಣ ಸಾಲದು ಎಂದು ಪತ್ರಿಕೆಯವರು ಎರಡೇ ನಕ್ಷತ್ರ ಕೊಟ್ಟರು. ನಾನು ಬರೆದಿದ್ದ ಕೊನೆಯಲ್ಲಿ ಸೇಡೇ ಇರಲಿಲ್ಲ ಅಮ್ಮ. ಕೊನೆಯ ಹುಡುಗಿ ಮಂಚದ ಕೆಳಗೆ ಅಡಗಿರುತ್ತಾಳೆ. ಮಗು ಬಗ್ಗಿ ನೋಡಿ ‘ಸಿಕ್ಕಿದೆ’ ಎನ್ನುತ್ತದೆ, ಪಕ್ಕದಲ್ಲಿ ಹೋಗಿ ಕೂರುತ್ತದೆ. ಅಷ್ಟೇ. ‘ಜನ ದುಡ್ಡು ಕೊಟ್ಟು ಬರೋದು ಮಂಚದ ಕೆಳಗೆ ಕೂತ್ಕೊಳ್ಳೋದನ್ನ ನೋಡೋಕಾ ಮೇಡಂ?’ ಎಂದು ಡೈರೆಕ್ಟರ್ ಆ ಹುಡುಗಿಯನ್ನೂ ಕೊಲ್ಲಿಸಿದರು. ಆ ಚೂರಿಯ ಸದ್ದೂ ನನ್ನದೇ. ಎರಡು ಕಲ್ಲಂಗಡಿ ಹಾಳಾದವು.

ಮೊದಲ ವಾರದ ಕೊನೆಗೆ ನಾನೂ ಜನರ ನಡುವೆ ಕೂತು ನೋಡಿದೆ. ಆ ಕೊನೆಯ ಹುಡುಗಿ ಸತ್ತಾಗ ಇಡೀ ಟಾಕೀಸು ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನನ್ನನ್ನೇ ಕೊಂದದ್ದಕ್ಕೆ ಹೊಡೆದ ಹಾಗಿತ್ತು. ನೋವಾಗಲಿಲ್ಲ, ಹಗುರವಾಯಿತು. ಹಗುರವಾದದ್ದು ನೋಡಿ ನನಗೇ ಭಯವಾಯಿತು.

ಆ ದಿನದ ನಂತರ ಅಪ್ಪ ನನ್ನ ಜೊತೆ ಆಡಿದ ಮಾತುಗಳನ್ನು ಒಂದು ಹಾಳೆಯ ಮೇಲೆ ಬರೆಯಬಹುದು. ಬಾಗಿಲು ಹಾಕು. ದೀಪ ಆರಿಸು. ಆಸ್ಪತ್ರೆಯಲ್ಲಿ ಕೊನೆಯ ವಾರ ನೋಡಲು ಬಂದಾಗ ಗೋಡೆ ಕಡೆ ತಿರುಗಿ ಮಲಗಿದರು. ದೊಡ್ಡಮ್ಮ ನಾಲ್ಕು ಜನರ ಮುಂದೆ ‘ತಂಗಿ ಮುಳುಗುವಾಗ ಇವಳಿಗೆ ಹಸಿವು’ ಎನ್ನುತ್ತಿದ್ದರು. ನೀನು ಒಳಗೆ ಪಾತ್ರೆ ತೊಳೆಯುತ್ತಿರುತ್ತಿದ್ದೆ.

ಎರಡನೇ ಭಾಗ ಬೇಕಂತೆ ಇವರಿಗೆ. ನಾನು ಸಮಯ ಕೇಳಿದ್ದೇನೆ. ಆ ದಿನದ ಬಗ್ಗೆ ನಿನಗೆ ಏನಾದರೂ ನೆನಪಿದ್ದರೆ ಬರೆ. ಎಷ್ಟು ಸಣ್ಣದಾದರೂ ಸರಿ. ಸಿನಿಮಾಕ್ಕಲ್ಲ, ನನಗೆ.

ನಿನ್ನ
ದೊಡ್ಡವಳು


೯ ನವೆಂಬರ್

ದೊಡ್ಡವಳಿಗೆ,

ಇದು ಐದನೆಯ ಕಾಗದ. ಮೊದಲಿನ ನಾಲ್ಕನ್ನು ಹರಿದು ಹಾಕಿದೆ. ನರ್ಸ್ ಹುಡುಗಿ ಕಸದ ಬುಟ್ಟಿ ನೋಡಿ ‘ಯಾರಿಗೆ ಪ್ರೇಮಪತ್ರ?’ ಎಂದು ಸ್ಲೇಟಿನಲ್ಲಿ ಬರೆದಳು. ನಗು ಬರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟೀ ಅಂಗಡಿಯ ಮುಂದೆ ಆ ಹುಡುಗ ‘ಬಿಟ್ಟು ಹೋದವಳು ಸಾಯ್ಲೇಬೇಕು’ ಎಂದಾಗ ನಾನು ಮುಟ್ಟಿ ನೋಡಿಕೊಂಡದ್ದು ನನ್ನ ಹೆಗಲನ್ನು. ನಿನ್ನದನ್ನಲ್ಲ.

ನೀನು ಹಸಿವಾಗಿ ಮನೆಗೆ ಬರಲಿಲ್ಲ. ನಾನು ಕರೆದೆ.

ಅವತ್ತು ನನಗೆ ವಾರದ ರಜೆ. ಮನೆಗೆ ತಂದಿದ್ದ ನೂಲನ್ನು ಸಂಜೆಯೊಳಗೆ ಸುತ್ತಿ ಮಿಲ್ಲಿಗೆ ಕೊಡಬೇಕಾಗಿತ್ತು. ನೂಲಿನ ಲಡಿಯನ್ನು ಚಾಚಿ ಹಿಡಿಯಲು ಎದುರಿಗೆ ಇನ್ನೊಬ್ಬರ ಎರಡು ಕೈ ಬೇಕು. ನೀನು ಬಚ್ಚಲ ಬಾಗಿಲ ಹಿಂದೆ ಅಡಗಿದ್ದೆ. ನಾನು ಹಿತ್ತಲ ಬಾಗಿಲಿನಿಂದ ಕೈಸನ್ನೆ ಮಾಡಿದೆ. ನೀನು ಓಡಿ ಬಂದು ‘ಗಿಲಕಿಗೆ ಹೇಳಿ ಬರ್ತೀನಮ್ಮಾ’ ಎಂದೆ. ‘ಹೇಳಿದ್ರೆ ಅದೂ ಬರುತ್ತೆ, ನೂಲೆಲ್ಲ ಸಿಕ್ಕು ಮಾಡುತ್ತೆ. ಹುಡುಕಿ ಸಾಕಾದ್ರೆ ತಾನೇ ಬರ್ತಾಳೆ, ಕೂತ್ಕೋ’ ಎಂದು ನಿನ್ನ ಎರಡು ಮಣಿಕಟ್ಟಿಗೆ ಲಡಿ ಹಾಕಿದೆ. ನೀನು ಕೈ ಚಾಚಿ ಕೂತೆ.

ಆಗ ನನ್ನ ಕಿವಿ ಇಷ್ಟು ಕೆಟ್ಟಿರಲಿಲ್ಲ. ಕೇಳಿಸಿತು. ‘ಅಕ್ಕಾ, ಸೋತೆ ಕಣೇ, ಬಾರೇ’ ಎಂದಳು. ನೀನು ಅರ್ಧ ಎದ್ದೆ. ನಾನು ನೂಲು ಎಳೆದೆ. ‘ಇನ್ನೊಂದೇ ಲಡಿ’ ಎಂದೆ. ಆಮೇಲೆ ದನಿ ನಿಂತಿತು. ಪಕ್ಕದ ಮನೆಗೆ ಹೋಗಿರಬೇಕು, ಒಳ್ಳೆಯದೇ ಆಯಿತು, ಈಗ ಬೇಗ ಮುಗಿಯುತ್ತದೆ ಎಂದುಕೊಂಡೆ. ಒಳ್ಳೆಯದೇ ಆಯಿತು ಎಂದುಕೊಂಡೆನಲ್ಲ, ಅದನ್ನು ಈ ಕೈಯಿಂದ ಬರೆಯಲು ನನಗೆ ಎರಡು ತಿಂಗಳು ಬೇಕಾಯಿತು.

ನಿಮ್ಮಪ್ಪ ಬಂದು, ಊರೆಲ್ಲ ನಿಂತಿರುವಾಗ, ‘ಮಗು ಯಾರ ಜೊತೆಗಿತ್ತು?’ ಎಂದು ನನ್ನನ್ನು ಕೇಳಿದರು. ನಾನು ನಿನ್ನ ಕಡೆ ತಿರುಗಿ ‘ನೀನೆಲ್ಲಿ ಹೋಗಿದ್ದೆ?’ ಎಂದೆ. ಅಷ್ಟೇ ಕೇಳಿದ್ದು. ನೀನು ‘ಹಸಿವಾಗಿತ್ತು, ಮನೆಗೆ ಬಂದೆ’ ಎಂದೆ. ಗಾಬರಿಯಲ್ಲಿ ಮಗು ಮರೆತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮರೆತಿದ್ದರೆ ಒಳ್ಳೆಯದು ಎಂದೂ ಅನ್ನಿಸಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರು ಎನ್ನುತ್ತಾರೆ. ಬರೆ ನಿನ್ನ ಮೈ ಮೇಲೆ ಬಿತ್ತು, ಎಮ್ಮೆ ಸುಮ್ಮನೆ ಪಾತ್ರೆ ತೊಳೆಯುತ್ತ ನಿಂತಿತ್ತು. ಆಸ್ಪತ್ರೆಯಲ್ಲಿ ನಿಮ್ಮಪ್ಪನಿಗೆ ಹೇಳಿಬಿಡೋಣ ಎಂದು ಮೂರು ದಿನ ಮಂಚದ ಪಕ್ಕ ಕೂತೆ. ನಾಳೆ ಹೇಳೋಣ ಎಂದು ಎದ್ದು ಬಂದೆ. ನಾಳೆ ಅವರೇ ಇರಲಿಲ್ಲ.

ಹಸಿವು ಎಂದೆಯಲ್ಲ, ಅವತ್ತೂ ಮರುದಿನವೂ ನಿನಗೆ ಯಾರೂ ಊಟ ಹಾಕಲಿಲ್ಲ. ನಾನೂ ಹಾಕಲಿಲ್ಲ.

ಎರಡನೇ ಭಾಗ ಬರೆಯುವುದಾದರೆ ಅವಳು ಹುಡುಕಿಕೊಂಡು ಬರಬೇಕಾದದ್ದು ಅಕ್ಕನನ್ನಲ್ಲ, ಅಮ್ಮನನ್ನು. ಹಾಗೆ ಬರೆ. ಜನ ಎದ್ದು ಚಪ್ಪಾಳೆ ಹೊಡೆಯಲಿ. ನಾನು ಮೊದಲ ಸಾಲಿನಲ್ಲಿ ಕೂತು ನೋಡುತ್ತೇನೆ.

ಅಮ್ಮ


೨೪ ನವೆಂಬರ್

ಅಮ್ಮನಿಗೆ,

ನಾನು ಮರೆತಿರಲಿಲ್ಲ.

ನೂಲು ಹಳದಿ ಬಣ್ಣದ್ದು. ನಿನ್ನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ನೀನು ಬರೆದದ್ದರಲ್ಲಿ ಒಂದೇ ತಪ್ಪು ಇದೆ. ‘ಸೋತೆ’ ಎಂದು ಅವಳು ಹೇಳಿದ್ದು ಒಂದು ಸಲವಲ್ಲ, ಮೂರು ಸಲ. ಸದ್ದು ಕೇಳುವುದೇ ನನ್ನ ಉದ್ಯೋಗವಾದದ್ದು ಸುಮ್ಮನೆ ಅಲ್ಲ.

ಎಲ್ಲರ ಮುಂದೆ ನೀನು ಕೇಳಿದಾಗ ನಾನು ನಿನ್ನ ಮುಖ ನೋಡಿದೆ. ನೀನು ಹೆದರಿದ್ದೆ. ಅಮ್ಮ ಹೆದರುವುದನ್ನು ಹನ್ನೊಂದು ವರ್ಷದ ನಾನು ಕಂಡದ್ದು ಅದೇ ಮೊದಲು. ಅಪ್ಪ ನಿನ್ನನ್ನು ಏನು ಮಾಡಿಬಿಡುತ್ತಾರೋ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಒಂದು ದಿನದ ಮಟ್ಟಿಗೆ ಎಂದುಕೊಂಡಿದ್ದೆ. ನಾಳೆ ಅಮ್ಮನೇ ಅಪ್ಪನಿಗೆ ಹೇಳುತ್ತಾಳೆ, ಅಪ್ಪ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ ಎಂದು ಕಾದೆ. ನಾಳೆ ಹೋಗಿ ವಾರವಾಯಿತು, ವರ್ಷವಾಯಿತು. ಹದಿನೆಂಟಕ್ಕೆ ಮನೆ ಬಿಟ್ಟದ್ದು ಅಪ್ಪ ಮಾತಾಡಲಿಲ್ಲವೆಂದು ಅಲ್ಲ. ನೀನು ಮಾತಾಡಲಿಲ್ಲವೆಂದು. ಕ್ರಮೇಣ ನನಗೇ ಅನುಮಾನ ಬಂದಿತ್ತು, ನಿಜವಾಗಿಯೂ ಹಸಿವಾಗಿಯೇ ಬಂದೆನೇನೋ ಎಂದು.

ಇಪ್ಪತ್ತೆರಡು ವರ್ಷ ಈ ಕಾಗದಕ್ಕಾಗಿ ಕಾದಿದ್ದೇನೆ. ಸಿನಿಮಾ ನೋಡಿದವರಲ್ಲಿ ಎಷ್ಟು ಜನ ಹೆದರಿದರು, ಎಷ್ಟು ಜನ ನಕ್ಕರು, ಯಾರು ಎಷ್ಟು ನಕ್ಷತ್ರ ಕೊಟ್ಟರು ಎಂದು ಇಲ್ಲಿಯವರು ಇನ್ನೂ ಮಾತಾಡುತ್ತಾರೆ. ನನಗೆ ಬೇಕಾಗಿದ್ದದ್ದು ಒಬ್ಬಳು ನೋಡಿ ಏನು ಹೇಳುತ್ತಾಳೆ ಎಂಬುದಷ್ಟೇ.

ಎರಡನೇ ಭಾಗ ನಾನು ಬರೆಯುವುದಿಲ್ಲ ಎಂದು ನಿನ್ನೆ ಹೇಳಿದೆ. ‘ಹೋಗ್ಲಿ, ಆ ಪಕ್ಕದ್ಮನೆ ಮಗೂನಾದ್ರೂ ಒಂದ್ಸಲ ಸ್ಟುಡಿಯೋಗೆ ಕರೆಸಿ ಮೇಡಂ’ ಎಂದರು ಡೈರೆಕ್ಟರ್. ‘ಅದು ನನ್ನ ತಂಗಿ ಸರ್. ತೀರಿಕೊಂಡಿದ್ದಾಳೆ’ ಎಂದೆ. ಮೊದಲ ಸಲ ಹೊರಗಿನವರ ಮುಂದೆ ಹೇಳಿದ್ದು. ಅವರು ಕುರ್ಚಿಯಿಂದ ಎದ್ದು ನಿಂತರು, ಮತ್ತೆ ಕೂತರು.

ಕ್ಷಮಿಸಿದ್ದೇನೆ ಎಂದು ಬರೆದು ನೋಡಿದೆ. ಓದಿದರೆ ಯಾರೋ ಬರೆದ ಹಾಗಿತ್ತು, ಹೊಡೆದುಹಾಕಿದೆ. ಎಂದಿಗೂ ಕ್ಷಮಿಸುವುದಿಲ್ಲ ಎಂದೂ ಬರೆದೆ. ಅದೂ ನನ್ನ ಮಾತಿನ ಹಾಗೆ ಕಾಣಲಿಲ್ಲ. ನಿನ್ನ ಮೇಲೆ ಬಹಳ ಸಿಟ್ಟಿದೆ ಅಮ್ಮ. ನಿನ್ನನ್ನು ನೋಡಬೇಕೆಂದೂ ಅಷ್ಟೇ ಅನ್ನಿಸುತ್ತಿದೆ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಆ ದಿನ ನಾನು ಅಳಲಿಲ್ಲ. ತಪ್ಪು ಮಾಡಿದವಳು ಅಳಬಾರದು ಎಂದುಕೊಂಡಿದ್ದೆ. ಆಮೇಲೆ ಅಪ್ಪ ಹೋದಾಗಲೂ ಅಳು ಬರಲಿಲ್ಲ. ನಿನ್ನ ಕಾಗದ ಓದಿದಾಗಿನಿಂದ ಗಂಟಲಿನವರೆಗೆ ಬಂದು ನಿಂತಿದೆ. ಇಲ್ಲಿ ಅಳುವುದಿಲ್ಲ. ಅಲ್ಲಿಗೆ ಬಂದು ನಿನ್ನ ಎದುರಿಗೆ ಕೂತು ಅಳುತ್ತೇನೆ. ನಿನಗೆ ಕೇಳಿಸುವುದಿಲ್ಲ, ಗೊತ್ತು. ಮುಖ ತಿರುಗಿಸಬೇಡ. ಮುಗಿಯುವವರೆಗೂ ನನ್ನನ್ನೇ ನೋಡುತ್ತಾ ಕೂತಿರು.

ನಿನ್ನ
ಮಗಳು